ಸಲಾಕೆ ಮಾವನ ಫ್ಲಾಸ್ಕಿನಲ್ಲಿ ಇದ್ದದ್ದು

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಮುಖ್ಯ ಎಂಜಿನಿಯರ್ ಸಾಹೇಬರೇ, ಅವರ ಪಕ್ಕದಲ್ಲಿ ಕುಳಿತು ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ನಮ್ಮ ಸಂಘದ ಕಾರ್ಯದರ್ಶಿಗಳೇ, ನೀರು ಸರಬರಾಜು ವಿಭಾಗದ ಹಿರಿಯರೇ, ಕಿರಿಯರೇ, ಈ ವರ್ಷ ಮನೆಯವರನ್ನು ಕಳೆದುಕೊಂಡು ಮುಂದಿನ ಸಾಲಿನಲ್ಲಿ ಕುಳಿತಿರುವವರೇ, ಮತ್ತು ಊಟ ಎಷ್ಟು ಹೊತ್ತಿಗೆ ಎಂದು ಒಬ್ಬರನ್ನೊಬ್ಬರು ಕೇಳುತ್ತಿರುವ ಆತ್ಮೀಯ ಸಭಿಕರೇ,

ಊಟ ತಡವಾಗುತ್ತದೆ. ಖಚಿತವಾಗಿ ಹೇಳಬಲ್ಲೆ. ಏಕೆಂದರೆ ಕ್ಯಾಂಟೀನಿನಲ್ಲಿ ಬಡಿಸಬೇಕಾದವಳು ನಾನೇ, ಇಲ್ಲಿ ಮೈಕ್ ಹಿಡಿದು ನಿಂತಿದ್ದೇನೆ.

ಹೊಸದಾಗಿ ಸೇರಿದವರಿಗಾಗಿ ನಮ್ಮ ಪದ್ಧತಿಯನ್ನು ಹೇಳಿಬಿಡುತ್ತೇನೆ. ವರ್ಷದಲ್ಲಿ ನಮ್ಮನ್ನು ಬಿಟ್ಟುಹೋದವರನ್ನು ಈ ವಾರ್ಷಿಕ ಸಭೆಯಲ್ಲಿ ನೆನೆಯುತ್ತೇವೆ. ಹಾರವಿಲ್ಲ, ಮೌನವಿಲ್ಲ. ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪುಟ್ಟ ಲೋಟ. ಅವರು ಬದುಕಿದ್ದಾಗ ಏನು ಕುಡಿಯುತ್ತಿದ್ದರೋ ಅದೇ ಅದರಲ್ಲಿರಬೇಕು. ಲೋಟದ ಜೊತೆ ಒಂದು ನಗುವ ಮಾತು, ಒಂದು ನಿಜವಾದ ಮಾತು. ಆಮೇಲೆ ಎಲ್ಲರೂ ಒಟ್ಟಿಗೆ ಕುಡಿಯುವುದು. ಯಾರಿಗೆ ಯಾವ ಲೋಟ ಎಂದು ಆರಿಸುವ ಕೆಲಸ ನಾಲ್ಕು ವರ್ಷಗಳಿಂದ ನನ್ನದು. ದಿನವೂ ನಿಮಗೆಲ್ಲ ಟೀ ಕೊಡುವವಳು ನಾನಲ್ಲವೇ? ಯಾರಿಗೆ ಸಕ್ಕರೆ ಎಷ್ಟು ಎಂಬುದು ನಿಮ್ಮ ವೈದ್ಯರಿಗಿಂತ ನನಗೆ ಚೆನ್ನಾಗಿ ಗೊತ್ತು.

ಇನ್ನೊಂದು ಕಾರಣವನ್ನೂ ನೀವು ಹೇಳುತ್ತೀರಿ. ಈ ಹುಡುಗಿ ಸುಳ್ಳು ಹೇಳುವುದಿಲ್ಲ, ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಾಳೆ, ಎಂದು. ಒಂಬತ್ತನೇ ತರಗತಿಯಲ್ಲಿ ಗಣಿತದ ಮೇಷ್ಟರು ಅರ್ಥವಾಯಿತೇ ಎಂದು ಕೇಳಿದರು. ಇಡೀ ತರಗತಿ ಹೌದು ಎಂದಿತು. ನಾನು ಎದ್ದು, ನನಗೆ ಆಗಿಲ್ಲ, ಇವರಿಗೂ ಆಗಿಲ್ಲ, ನಿಮಗೂ ಆದ ಹಾಗೆ ಕಾಣುವುದಿಲ್ಲ ಎಂದೆ. ನನ್ನ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು. ಆಮೇಲೆ ಹೊಲಿಗೆ ಅಂಗಡಿ, ಔಷಧಿ ಅಂಗಡಿ, ಅಚ್ಚುಕೂಟ ಎಲ್ಲ ಕಡೆಯೂ ಇದೇ ಬಾಯಿ, ಇದೇ ಗತಿ. ಎಲ್ಲೂ ಆರು ತಿಂಗಳು ನಿಲ್ಲದವಳು ನಿಮ್ಮ ಕ್ಯಾಂಟೀನಿನಲ್ಲಿ ಐದು ವರ್ಷ ನಿಂತಿದ್ದೇನೆ. ಸತ್ಯವಂತೆ ಎಂಬ ಬಿರುದನ್ನು ಸೆರಗಿಗೆ ಕಟ್ಟಿಕೊಂಡು ಮೆರೆದಿದ್ದೇನೆ. ಆ ಬಿರುದು ಎಷ್ಟು ಟೊಳ್ಳು ಎಂದು ಮೂರನೆಯ ಲೋಟದ ಹೊತ್ತಿಗೆ ನಿಮಗೇ ತಿಳಿಯುತ್ತದೆ.

ಮೊದಲ ಲೋಟ ಲ್ಯಾಬ್ ಅಮ್ಮನದು. ಇಪ್ಪತ್ತೆಂಟು ವರ್ಷ ಈ ಊರಿನ ನೀರನ್ನು ಪರೀಕ್ಷೆ ಮಾಡಿದ ಹೆಂಗಸು. ನಿಮ್ಮ ಕೈಯಲ್ಲಿರುವುದು ಬಾಟಲಿ ಸೋಡಾ. ಏಕೆ ಸೋಡಾ? ಏಕೆಂದರೆ ಅವರು ನಮ್ಮ ನೀರನ್ನು ಒಂದು ಹನಿಯೂ ಕುಡಿಯುತ್ತಿರಲಿಲ್ಲ. ಒಮ್ಮೆ ಕೇಳಿದೆ, ನೀರು ಶುದ್ಧವಾಗಿದೆ ಎಂದು ದಿನಾ ಸಹಿ ಹಾಕುವವರು ನೀವೇ ಅಲ್ಲವೇ ಎಂದು. “ಸಹಿ ಹಾಕೋದು ಕೆಲಸ, ಕುಡಿಯೋದು ಧೈರ್ಯ. ನಂಗೆ ಕೆಲಸ ಮಾತ್ರ ಇರೋದು” ಅಂದರು. ಇದು ನಗುವ ಮಾತು. ನಿಜವಾದ ಮಾತು ಎಂದರೆ, ನಾನು ಶಾಲೆ ಏಕೆ ಬಿಟ್ಟೆ ಎಂದು ಇಲ್ಲಿ ಕೇಳದೆ ಉಳಿದವರು ಅವರೊಬ್ಬರೇ. ಸುಮ್ಮನೆ ಒಂದು ಮಧ್ಯಾಹ್ನ ಕೂರಿಸಿಕೊಂಡು ಶೇಕಡಾ ಲೆಕ್ಕ ಹೇಳಿಕೊಟ್ಟರು. ಅರ್ಥವಾಯಿತೇ ಎಂದು ಅವರೂ ಕೇಳಿದರು. ಆಗಿತ್ತು. ಕುಡಿಯೋಣ.

ಎರಡನೆಯದು ಮೀಟರ್ ಓದುತ್ತಿದ್ದ ನಮ್ಮ ಕುಳ್ಳಣ್ಣನದು, ತಣ್ಣಗಿನ ಹಾಲು. ದಿನಕ್ಕೆ ಎಂಬತ್ತು ಮನೆ ಸುತ್ತುವ ಮನುಷ್ಯ, ಎಂಬತ್ತು ಮನೆಗೂ ನಾಯಿ. ಅರ್ಧ ಹಾಲು ತಾನು ಕುಡಿದು, ಅರ್ಧ ನಾಯಿಗೆ ಹಾಕಿ, ನಾಯಿ ನೆಕ್ಕುವಷ್ಟರಲ್ಲಿ ಮೀಟರ್ ಓದಿ ಓಡಿಬರುತ್ತಿದ್ದರು. ಅವರ ಅಂತಿಮಯಾತ್ರೆಗೆ ಬೀದಿಯ ನಾಯಿಗಳೆಲ್ಲ ಬಂದು ಕಣ್ಣೀರಿಟ್ಟವು ಎಂದು ಹೇಳಲು ನನಗೂ ಆಸೆ. ಬಂದದ್ದು ಒಂದೇ ನಾಯಿ. ಅದು ಕಾರ್ಯದರ್ಶಿಗಳ ಕಾಲಿಗೆ ಕಚ್ಚಿತು. ನಿಜವಾದ ಮಾತು ಇಷ್ಟೇ: ಒಂಟಿಯಾಗಿದ್ದ ಮುದುಕರ ಮನೆಗಳಲ್ಲಿ ಅವರು ಮೀಟರ್ ಓದಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದರು. ನಾಲ್ಕು ಅಂಕಿ ಓದಲು ಅರ್ಧ ಗಂಟೆ ಬೇಕೇ? ಬೇಕಿತ್ತು. ಕುಡಿಯೋಣ.

ಈಗ ಮೂರನೆಯ ಲೋಟ. ಸಲಾಕೆ ಮಾವ.

ಅವರು ಸೋರಿಕೆ ಕೇಳುವವರು. ರಸ್ತೆಯ ಅಡಿಯಲ್ಲಿ ಕೊಳವೆ ಎಲ್ಲಿ ಒಡೆದಿದೆ ಎಂದು ತಿಳಿಯಲು, ಉದ್ದನೆಯ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ನೆಲಕ್ಕೂರಿ, ಇನ್ನೊಂದು ತುದಿಗೆ ಕಿವಿಯಿಟ್ಟು, ಒಳಗೆ ನೀರು ಬುಸುಗುಡುವ ಸದ್ದನ್ನು ಹಿಡಿಯುವವರು. ಇಪ್ಪತ್ತೊಂಬತ್ತು ವರ್ಷ ಈ ಕೆಲಸ ಮಾಡಿದರು. ಕಳೆದ ಮೂರು ವರ್ಷಗಳಲ್ಲಿ ಅವರ ಬಗ್ಗೆ ನಾವೆಲ್ಲ ಆಡಿಕೊಂಡದ್ದೇನು? ಮಾವ ಬೆಳಿಗ್ಗೆಯೇ ಹಾಕಿಕೊಂಡು ಬರುತ್ತಾರೆ. ಮಾವ ತೂರಾಡುತ್ತಾರೆ. ಕರೆದರೆ ತಿರುಗಿ ನೋಡುವುದಿಲ್ಲ. ಸದಾ ಬಗಲಲ್ಲಿ ಒಂದು ಫ್ಲಾಸ್ಕ್. ಬಾಯಲ್ಲಿ ಶುಂಠಿ ವಾಸನೆ, ಅದೂ ಒಳಗಿನ ವಾಸನೆ ಮುಚ್ಚುವುದಕ್ಕೆ. ಕೊನೆಗೆ ನಡುರಸ್ತೆಯಲ್ಲಿ ಮೊಣಕಾಲೂರಿ ಸಲಾಕೆಯನ್ನು ಹಲ್ಲಿನಿಂದ ಕಚ್ಚಿಕೊಂಡು ಕೂತದ್ದನ್ನು ನೋಡಿದಾಗ, ಕುಡಿತ ತಲೆಗೇರಿ ಕಬ್ಬಿಣ ತಿನ್ನುತ್ತಿದ್ದಾರೆ ಎಂದು ನಕ್ಕಿದ್ದೇವೆ. ಎರಡು ಸಲ ಅಮಾನತಾದರು. ಎರಡು ಸಲವೂ ತಪ್ಪಾಯಿತು, ಇನ್ನು ಕುಡಿಯುವುದಿಲ್ಲ ಎಂದು ಬರೆದುಕೊಟ್ಟರು.

ಹೀಗಾಗಿ ಇವತ್ತು ಅವರ ಲೋಟಕ್ಕೆ ರಮ್ ಎಂದು ಯಾರೂ ಕೇಳದೆಯೇ ತೀರ್ಮಾನವಾಯಿತು. ಕಾರ್ಯದರ್ಶಿಗಳು ಬಾಟಲಿಗಳನ್ನೂ ತಂದುಕೊಟ್ಟರು. ಅವು ಅಡುಗೆಮನೆಯ ಕಪಾಟಿನಲ್ಲಿವೆ, ಮುಚ್ಚಳ ತೆರೆದಿಲ್ಲ. ಈಗ ನಿಮ್ಮ ಸಾಲಿಗೆ ಬರುತ್ತಿರುವ ಲೋಟಗಳಿಂದ ಹಬೆ ಏಳುತ್ತಿದೆ, ನೋಡಿ. ರಮ್ಮಿನಿಂದ ಹಬೆ ಏಳುವುದಿಲ್ಲ. ಅದು ಶುಂಠಿ ಹಾಕಿ ಕುದಿಸಿದ ನೀರು. ಮಾವನ ಫ್ಲಾಸ್ಕಿನಲ್ಲಿ ಮೂರು ವರ್ಷ ಇದ್ದದ್ದು ಅದೇ, ಬೇರೇನೂ ಅಲ್ಲ. ಪ್ರತಿದಿನ ಬೆಳಿಗ್ಗೆ ಅದನ್ನು ತುಂಬಿಸಿಕೊಟ್ಟವಳು ನಾನು.

ಮಾವನಿಗೆ ಕಿವಿ ಹೋಗಿತ್ತು. ಒಳಗಿನ ಸಣ್ಣ ಎಲುಬು ಗಟ್ಟಿಯಾಗುತ್ತಿದೆ ಎಂದು ವೈದ್ಯರು ಹೇಳಿದ್ದರಂತೆ. ಬಲಗಿವಿ ಪೂರ್ತಿ, ಎಡಗಿವಿ ಅರ್ಧ. ಅದರ ಜೊತೆಗೇ ತಲೆಸುತ್ತು, ಹೊಟ್ಟೆ ತೊಳಸುವುದು. ಅದಕ್ಕೇ ಶುಂಠಿ. ಸಲಾಕೆಯನ್ನು ಕಚ್ಚಿದರೆ ಸದ್ದು ಹಲ್ಲಿನಿಂದ ದವಡೆಗೆ, ದವಡೆಯಿಂದ ತಲೆಯೊಳಕ್ಕೆ ನೇರ ಹೋಗುತ್ತದೆ ಎಂದು ಅವರೇ ಕಂಡುಕೊಂಡಿದ್ದರು. ಸಾಹೇಬರೇ, ಆ ಮೂರು ವರ್ಷಗಳ ದುರಸ್ತಿ ಪುಸ್ತಕ ತೆಗೆಸಿ ನೋಡಿ. ಅವರು ಗುರುತು ಹಾಕಿದ ಜಾಗದಲ್ಲಿ ಅಗೆದು ಬರಿಗೈಯಲ್ಲಿ ಬಂದದ್ದು ಒಮ್ಮೆಯಾದರೂ ಇದೆಯೇ?

ಇದನ್ನು ಹೇಳಿಬಿಡಿ ಎಂದು ನಾನು ಜಗಳವಾಡಿದ್ದೆ. ಅವರು ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಹೇಳಿದರು: “ಕುಡುಕ ಅಂದ್ರೆ ಹದಿನೈದು ದಿನ ಮನೆಗೆ ಕಳಿಸ್ತಾರೆ ಕಣೇ. ಕಿವುಡ ಅಂದ್ರೆ ಪೂರ್ತಿ ಕಳಿಸ್ತಾರೆ. ಸೋರಿಕೆ ಕೇಳೋನಿಗೆ ಕಿವಿ ಇಲ್ಲ ಅಂದ್ರೆ ಏನುಳೀತು? ನೀನು ಬಾಯಿ ಬಿಡಬೇಡ.”

ಮನೆಯಲ್ಲಿ ಅತ್ತೆಗಾದರೂ ಹೇಳಿ, ನಿಮ್ಮ ಹೆಂಡತಿಯಲ್ಲವೇ ಎಂದೆ.

“ಅವಳು ಬೈದ್ರೆ ತಡ್ಕೋತೀನಿ. ಅಯ್ಯೋ ಪಾಪ ಅಂದ್ರೆ ಆಗಲ್ಲ.”

ಹೀಗೆ ಮಾತು ಕೊಟ್ಟೆ. ಮೇಷ್ಟರ ಮುಖಕ್ಕೆ ಸತ್ಯ ಎಸೆದವಳು ಒಂದು ಫ್ಲಾಸ್ಕಿನ ಮುಂದೆ ಬಾಯಿ ಮುಚ್ಚಿಕೊಂಡೆ. ಬರೀ ಮುಚ್ಚಿಕೊಂಡಿದ್ದರೆ ಇವತ್ತು ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಕಳೆದ ವರ್ಷ ಇದೇ ಮೈಕಿನ ಮುಂದೆ ನಿಂತು, ನಗಿಸುವ ಹುಚ್ಚಿನಲ್ಲಿ ನಾನು ಏನು ಹೇಳಿದೆ? ನಿಮಗೆ ನೆನಪಿದೆ, ನೀವೆಲ್ಲ ಕುರ್ಚಿ ಬಡಿದು ನಕ್ಕಿದ್ದೀರಿ. ಸಲಾಕೆ ಮಾವ ತೀರಿಕೊಂಡ ವರ್ಷ ಯಾರೂ ಪಾನೀಯ ತರಿಸಬೇಡಿ, ಅವರನ್ನೇ ಹಿಡಿದು ಒಮ್ಮೆ ಹಿಂಡಿದರೆ ಇಡೀ ಸಭೆಗೆ ಸಾಕಾಗುತ್ತದೆ ಎಂದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ. ಎಷ್ಟು ದೊಡ್ಡ ಮನಸ್ಸು ಎಂದು ನೀವು ಅಂದುಕೊಂಡಿರಿ. ದೊಡ್ಡ ಮನಸ್ಸಲ್ಲ. ಅವರಿಗೆ ಕೇಳಿಸಿರಲಿಲ್ಲ. ಎಲ್ಲರೂ ನಗುತ್ತಿದ್ದರು ಎಂದು ನಕ್ಕರು. ಅವರ ಪಕ್ಕದಲ್ಲಿದ್ದ ಅತ್ತೆಗೆ ಕೇಳಿಸಿತ್ತು. ಅವರು ಎದ್ದು ಹೊರಗೆ ಹೋದರು. ಮಾರನೆಯ ದಿನ ತಂಗಿಯ ಮನೆಗೆ ಹೋದವರು ವಾಪಸ್ಸು ಬರಲಿಲ್ಲ.

ಸಭೆ ಮುಗಿದ ಮೇಲೆ ಮಾವ ಕ್ಯಾಂಟೀನಿಗೆ ಬಂದರು. “ಏನೋ ಭಾರಿ ಜೋಕು ಹೊಡೆದ್ಯಂತಲ್ಲ, ನಂಗೂ ಹೇಳು” ಅಂದರು. ಸಾಹೇಬರ ಮೀಸೆಯ ಬಗ್ಗೆ ಎಂದೆ. ಅವರು ಇನ್ನೊಮ್ಮೆ ನಕ್ಕರು. ಸಾಹೇಬರೇ, ಕ್ಷಮಿಸಿ, ನಿಮ್ಮ ಮೀಸೆ ಚೆನ್ನಾಗಿದೆ.

ಎಂಟು ತಿಂಗಳು ಅವರು ಒಬ್ಬರೇ ಇದ್ದರು. ಮೊನ್ನೆ ಬೇಸಿಗೆಯಲ್ಲಿ ಹೃದಯ ನಿಂತಿತು. ನಾನು ಆ ಎಂಟು ತಿಂಗಳಲ್ಲಿ ಯಾವತ್ತಾದರೂ ಬಸ್ ಹತ್ತಿ ಅತ್ತೆಯ ತಂಗಿಯ ಮನೆಗೆ ಹೋಗಬಹುದಿತ್ತು. ಎಂಟನೇ ನಂಬರ್ ಬಸ್, ಹದಿನೈದು ನಿಮಿಷದ ದಾರಿ. ಕೊಟ್ಟ ಮಾತು ಮುರಿಯಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೋದರೆ ಜೋಕಿನ ಬಗ್ಗೆಯೂ ಮಾತಾಡಬೇಕಾಗುತ್ತದೆ ಎಂಬ ಹೆದರಿಕೆ, ಅಷ್ಟೇ.

ಅತ್ತೆ, ನೀವು ಮುಂದಿನ ಸಾಲಿನಲ್ಲಿದ್ದೀರಿ. ಬರುವುದಿಲ್ಲ ಎಂದಿದ್ದಿರಿ. ರಮ್ ಬಂದ ಕೂಡಲೇ ಎದ್ದು ಹೋಗುತ್ತೇನೆ ಎಂದು ಹೇಳಿ ಬಂದಿದ್ದೀರಿ. ಮಾವನ ಮಣ್ಣಿನ ದಿನ ನೀವು ನನ್ನ ಕೈ ಹಿಡಿದು, “ಎರಡು ವರ್ಷ ಗೋಡೆ ಜೊತೆ ಮಾತಾಡಿದ ಹಾಗಾಯ್ತು ಕಣೇ” ಅಂದಿರಿ. ಊಟದ ಮೇಜಿನಲ್ಲಿ ನೀವು ಅವರ ಯಾವ ಕಡೆ ಕೂರುತ್ತಿದ್ದಿರಿ ಎಂದು ಅವತ್ತು ಕೇಳಬೇಕೆಂದಿದ್ದೆ, ಧೈರ್ಯ ಬರಲಿಲ್ಲ. ಆಮೇಲೆ ನಿಮ್ಮ ತಂಗಿಯನ್ನು ಕೇಳಿ ತಿಳಿದುಕೊಂಡೆ. ಬಲಗಡೆ. ಮೂವತ್ತು ವರ್ಷವೂ ಬಲಗಡೆಯೇ, ಪೂರ್ತಿ ಹೋದ ಕಿವಿಯ ಕಡೆ. ಅತ್ತೆ, ಅವರು ನಿಮ್ಮ ಮೇಲೆ ಮುನಿದು ಸುಮ್ಮನಿದ್ದದ್ದಲ್ಲ. ನೀವು ಹೇಳಿದ್ದು ಅವರಿಗೆ ತಲುಪುತ್ತಲೇ ಇರಲಿಲ್ಲ. ಅಡ್ಡಡ್ಡ ಉತ್ತರ ಕೊಟ್ಟು ಸಿಕ್ಕಿಬೀಳುವುದಕ್ಕಿಂತ ಕುಡುಕನ ಹಾಗೆ ತಲೆ ತಗ್ಗಿಸಿ ಊಟ ಮಾಡುವುದು ಮೇಲು ಎಂದುಕೊಂಡರು. ಅದು ಅವರ ತಪ್ಪು. ಅದನ್ನು ನಿಮಗೆ ತಿಳಿಸದೆ ಇದ್ದದ್ದು ನನ್ನ ತಪ್ಪು. ಎರಡರಲ್ಲಿ ಯಾವುದು ದೊಡ್ಡದು ಎಂದು ನೀವೇ ಹೇಳಬೇಕು. ಅವರು ಉತ್ತರ ಕೊಡಲು ಇಲ್ಲ, ನಾನಿದ್ದೇನೆ.

ಸಭಿಕರೇ, ಯಾರೂ ಇನ್ನೂ ಕುಡಿಯಬೇಡಿ. ಈ ಲೋಟವನ್ನು ಮೊದಲು ಎತ್ತಬೇಕಾದವರು ನಾವಲ್ಲ.

ಅತ್ತೆ ಎದ್ದು ನಿಂತಿದ್ದಾರೆ. ಬಾಗಿಲು ಅವರ ಹಿಂದೆ ಇದೆ, ಆದರೆ ಅವರು ಬರುತ್ತಿರುವುದು ಈ ಕಡೆಗೆ. ಕೈಯಲ್ಲಿ ಲೋಟ ತುಂಬಿದೆ, ತುಳುಕುತ್ತಿದೆ. ನನ್ನ ಮುಖಕ್ಕೆ ಎರಚಲು ಬರುತ್ತಿದ್ದಾರೋ, ನನ್ನ ಎದುರಿಗೆ ನಿಂತು ಕುಡಿಯಲು ಬರುತ್ತಿದ್ದಾರೋ ಇಲ್ಲಿಂದ ಹೇಳಲಾರೆ. ಕಾರ್ಯದರ್ಶಿಗಳೇ, ದಯವಿಟ್ಟು ಅಡ್ಡ ಹೋಗಬೇಡಿ. ಮೆಟ್ಟಿಲ ಹತ್ತಿರ ಮೈಕಿನ ವೈರು ಇದೆ, ಯಾರಾದರೂ ಅವರ ಕೈ ಹಿಡಿಯಿರಿ.

ಮೈಕ್ ನೋಡಿಕೊಳ್ಳುವ ಅಣ್ಣ, ನಾನು ಮುಗಿಸಿದ ಕೂಡಲೇ ಇದನ್ನು ಆರಿಸಿಬಿಡು. ಅವರು ಏನು ಹೇಳಿದರೂ ಅದನ್ನು ಕೇಳಬೇಕಾದವಳು ನಾನೊಬ್ಬಳೇ.

ಐದು ನಿಮಿಷ ಕೊಟ್ಟು ಇಪ್ಪತ್ತು ನಿಮಿಷ ಸಹಿಸಿಕೊಂಡ ಸಾಹೇಬರಿಗೆ, ಹಸಿದು ಕುಳಿತ ನಿಮ್ಮೆಲ್ಲರಿಗೆ, ಮುಂದಿನ ಸಾಲಿನಿಂದ ಎದ್ದು ಬಂದ ಅತ್ತೆಗೆ, ನನ್ನ ಧನ್ಯವಾದ. ನಮಸ್ಕಾರ.