ಪಿಯಾನೋ ರಿಪೇರಿಯವನ ಚೀಟಿಗಳು

ನಗ್ತೀಯಾ? ನಗು, ನಗು! ಪ್ಯಾಂಟು ಕೆಲಸದ ಖರ್ಚಲ್ವಾ ಹಾಗಾದ್ರೆ? ಮಂಡಿ ನೋಡಕ್ಕ ಇಲ್ಲಿ... ಎರಡೂ ಕಡೆ ಜಾಲರಿ ಆಗಿದೆ. ದಿನಕ್ಕೆ ಮೂರು ಮನೆ, ಮೂರು ಪಿಯಾನೋ. ಅದರ ಕೆಳಗೆಲ್ಲ ಮಂಡಿಯೂರಿ ತೆವಳಿದ್ದು ಯಾರು, ತೆರಿಗೆ ಆಫೀಸಿನವರಾ? ಏನು? ಮದುವೆಗೂ ಅದನ್ನ ಹಾಕ್ಕೊಂಡು ಹೋಗಬಹುದು, ಅದಕ್ಕೇ ತೆರಿಗೆ ಲೆಕ್ಕದಲ್ಲಿ ಕಳೆಯೋಕೆ ಆಗಲ್ವಾ? ಈ ಪ್ಯಾಂಟಲ್ಲಿ ಮದುವೆಗೆ ಹೋದ್ರೆ ನೀನೇ ಬಾಗಿಲಲ್ಲಿ ತಡೀತೀಯ! ಸರಿ, ಬಿಡು. ಹೊಡೆದು ಹಾಕು. ಊರವರಿಗೆಲ್ಲ ತೆರಿಗೆ ಲೆಕ್ಕ ಬರೆದುಕೊಡೋಳು ನೀನು, ನಿನ್ನ ಹತ್ರ ನಾನೇನು ವಾದ ಮಾಡಲಿ.

ತಂತಿ ಸುರುಳಿ... ಅದು ಪೂರ್ತಿ ಕೆಲಸದ್ದು. ಬರ್ಕೋ. ತಂತಿ ಬಿಗಿಯೋ ಸ್ಪ್ಯಾನರು, ಬರ್ಕೋ. ಫೋನ್ ಬಿಲ್ಲು? ಅರ್ಧ ಕೆಲಸ, ಅರ್ಧ ಹರಟೆ... ಮುಕ್ಕಾಲು ಹರಟೇನಾ? ಹರಟೆಯೆಲ್ಲ ನಿನ್ನ ಜೊತೇನೇ ತಾನೇ! ಅಲ್ಲ, ಈಗ... ಈಗ ನಾನು ಫೋನಲ್ಲಿ ಮಾತಾಡೋದೇ ಕಮ್ಮಿ. ಮೆಸೇಜ್ ಹಾಕ್ತೀನಿ. ಸುಮ್ಮನೆ... ಸುಲಭ ಅಂತ. ಅರ್ಧ ಅಂತಾನೇ ಹಾಕು.

ಸ್ಕೂಟರ್ ಪೆಟ್ರೋಲು... ಅಕ್ಕಾ, ಎಲ್ಲಿಗೆ ಎದ್ದೆ? ಕಿಟಕಿ ನಾನು ಹಾಕ್ತೀನಿ, ನೀನು ಕೂತ್ಕೋ. ಅಲ್ಲಲ್ಲ, ಅಲ್ಲಿ ಬೇಡ! ಎದುರಿಗೇ ಕೂತ್ಕೋ. ಬೆನ್ನು ಹಾಕಿ ಕೂತ್ರೆ ನಂಗೆ ಇರುಸುಮುರುಸು. ಹಾಂ, ಹಾಗೆ.

ಬೇಗ ಬೇಗ ಮುಗಿಸೋಣ ಅಕ್ಕ. ಮೂರು ಗಂಟೆಗೆ ಸಂಗೀತ ಶಾಲೆಗೆ ಹೋಗಬೇಕಲ್ವಾ. ಇಪ್ಪತ್ತೆರಡು ಪಿಯಾನೋ, ಮೂರು ವರ್ಷದ ಒಪ್ಪಂದ! ಸಹಿ ಬಿದ್ರೆ ಮನೆಮನೆ ಅಲೆಯೋದು ತಪ್ಪುತ್ತೆ ನಂಗೆ. ನೀನು ಅವರಿಗೆ ಏನಂದೆ, ಇನ್ನೊಂದು ಸಲ ಹೇಳು... ‘ನನ್ನ ತಮ್ಮನ ಕಿವಿಗೆ ನಾನು ಗ್ಯಾರಂಟಿ.’ ಹೂಂ. ಅಷ್ಟೆಲ್ಲ ಯಾಕೆ ಹೇಳೋಕೆ ಹೋದೆ ತಾಯಿ... ಇಲ್ಲಪ್ಪ, ಖುಷೀನೇ. ಯಾರು ಖುಷಿ ಇಲ್ಲ ಅಂದಿದ್ದು? ಕೂತಲ್ಲಿ ಕೂರ್ತಾ ಇಲ್ಲ ಅಂದ್ರೆ, ಬೆಳಗಿಂದ ನಾಲ್ಕು ಕಾಫಿ ಆಗಿದೆ, ಅದಕ್ಕೆ.

ಯಾವ ಚೀಟಿ? ಅದಾ... ಅದು ಹೇಗೆ ಬಂತು ಇದರೊಳಗೆ? ಅದು ಉಪಕರಣ. ಕೆಲಸದ್ದೇ. ದೊಡ್ಡ ಮೊತ್ತ, ಗೊತ್ತು! ಒಳ್ಳೆ ಉಪಕರಣ ಅಂದ್ಮೇಲೆ ಬೆಲೆ ಇರಲ್ವಾ? ಎಂಥದ್ದು ಅಂದ್ರೆ... ಶ್ರುತಿ ಅಳೆಯೋದು. ಇಷ್ಟೇ ಇಷ್ಟು ಚಿಕ್ಕದು. ಎರಡು ಬರುತ್ತೆ. ಯಾಕೆ ಎರಡು? ಅಂಗಡಿಯವನು ಜೋಡೀನೇ ಕೊಡೋದಪ್ಪ! ನೀನು ಯಾವಾಗ್ಲೂ ಹೀಗೇ, ಹಿಡಿದ್ರೆ ಬಿಡಲ್ಲ. ತೋರಿಸು ಅಂದ್ರೆ ಈಗ ಎಲ್ಲಿ ಹುಡುಕಲಿ? ಚೆನ್ನಾಗಿಲ್ಲ ಅದು. ಹಾಕ್ಕೊಂಡ್ರೆ... ಆನ್ ಮಾಡಿದ್ರೆ ಅಂದೆ! ಆನ್ ಮಾಡಿದ್ರೆ ಸ್ವರವೆಲ್ಲ ತಗಡು ಬಡಿದ ಹಾಗೆ ಬರುತ್ತೆ. ಡ್ರಾಯರಲ್ಲಿ ಬಿಸಾಕಿದ್ದೀನಿ.

ಪೂರ್ತಿ ಆಗಲ್ಲ ಅಂದ್ರೆ ಅರ್ಧ ಹಾಕು. ಅರ್ಧ ಕೆಲಸಕ್ಕೆ, ಅರ್ಧ... ಅರ್ಧ ನಂಗೆ. ಇಲ್ಲ, ಬೇಡ. ಪೂರ್ತಿ ತೆಗೆದುಬಿಡು. ಹೋಗ್ಲಿ ಹಣ! ಕೊಡಿಲ್ಲಿ, ಹರಿದು ಹಾಕ್ತೀನಿ. ಕೊಡಕ್ಕ! ಅದೇನು ಅಷ್ಟು ಓದ್ತೀಯ? ಅಂಗಡಿ ಹೆಸರು ಬಿಟ್ರೆ ಇನ್ನೇನಿದೆ ಅದರಲ್ಲಿ... ಕೆಳಗೆ ಸೀಲಾ? ಇರುತ್ತೆ. ಡಾಕ್ಟರದ್ದೇ. ಡಾಕ್ಟರು ಪಿಯಾನೋ ನುಡಿಸಬಾರದು ಅಂತ ಇದೆಯಾ?

ಯಾಕೆ ಮುಖಕ್ಕೆ ಅಡ್ಡ ಹಿಡಿದೆ ಅದನ್ನ? ಇಳಿಸು. ಅಷ್ಟು ಹತ್ರ ಇಟ್ಕೊಂಡು ಓದ್ತಾರಾ ಯಾರಾದ್ರೂ?

ಅಕ್ಕಾ... ಕೋಪಾನಾ? ಸುಳ್ಳು ಲೆಕ್ಕ ಅಂತ ಬೇಜಾರಾ? ಬೈಯಿ. ಬೈದುಬಿಡು! ಇಷ್ಟು ಹೊತ್ತು ಬಾಯಿ ಮುಚ್ಚಿ ಕೂರೋಳಲ್ಲ ನೀನು. ಚಿಕ್ಕಂದಿನಿಂದ ನೋಡಿಲ್ವಾ ನಾನು... ಒಂದು ಮಾತಾದ್ರೂ ಆಡು. ಭಯ ಆಗುತ್ತೆ ನಂಗೆ, ಹೀಗೆ ಸುಮ್ಮನಿದ್ರೆ.

ಅಕ್ಕಾ...

ಚೀಟಿ ಅಲ್ಲಾಡ್ತಿದೆ. ನಿನ್ನ ಉಸಿರಿಗೆ...

ಮಾತಾಡ್ತಾ ಇದ್ದೀಯಾ?

ಎಷ್ಟೊತ್ತಿಂದ... ಎಷ್ಟೊತ್ತಿಂದ ಮಾತಾಡ್ತಾ ಇದ್ದೀಯಕ್ಕ? ಇಳಿಸು ಅದನ್ನ. ನಿನ್ನ ಬಾಯಿ ಕಾಣದೆ ನಂಗೇನೂ ತಿಳಿಯಲ್ಲ.