ಹುಣಸೆಹಳ್ಳದ ದೊಡ್ಡಮುನಿಯಮ್ಮ

ಸಂಜೆ ಹಿಡಿದ ಮಳೆ ಬಿಟ್ಟಿರಲಿಲ್ಲ. ರಾಮಮೂರ್ತಿ ನಗರದ ಆ ತಗ್ಗು ಬೀದಿಯಲ್ಲಿ ಕರೆಂಟು ಹೋಗಿತ್ತು. ಮುನಿನಾರಾಯಣಪ್ಪನವರ ಬಾಡಿಗೆದಾರರೆಲ್ಲ ಅವರ ಮಹಡಿ ಮನೆಯಲ್ಲಿ ಒಂದು ಮೇಣದಬತ್ತಿಯ ಸುತ್ತ ಸೇರಿದ್ದರು. ಗದಗದ ಕಡೆಯ ಕಾಶಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಇಲ್ಲಿ ಮೊದಲು ಹಳ್ಳ ಇತ್ತಂತೆ, ಹೌದೇ ಎಂದು ಆಟೋ ಓಡಿಸುವ ಹಬೀಬ್ ಕೇಳಿದ. ಮುದುಕರಾದ ಮುನಿನಾರಾಯಣಪ್ಪನವರು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಕೂತರು.

"ಇತ್ತಂತೆ ಏನೋ ಹಬೀಬು, ನೀನು ಕೂತಿರೋದೇ ಅದರ ಮೇಲೆ. ಮೇಲ್ಗಡೆ ಕೆರೆ ಕೋಡಿ ಬಿದ್ರೆ ಅಲ್ಲಿ ಹುಟ್ಟೋದು ನಮ್ಮ ಹುಣಸೆಹಳ್ಳ. ಬಂಡೆ ಸಂದೀಲಿ ಇಳ್ದು, ಹುಣಸೆ ತೋಪು ಬಳಸ್ಕೊಂಡು, ಈಗ ಜಿಮ್ಮು ಇದೆಯಲ್ಲ ಅಲ್ಲಿ ಒಂದು ಮಡು ಮಾಡಿ, ಈ ಬೀದಿಗುಂಟ ಹರ್ದು, ರೈಲು ಹಳಿ ಕೆಳಗೆ ನುಸುಳಿ ದೊಡ್ಡನೆಕ್ಕುಂದಿ ಕಡೆ ಹೋಗೋದು. ಅಲ್ಲಿಂದ ಕೆರೆ ಕೆರೆ ದಾಟ್ಕೊಂಡು ಪಿನಾಕಿನಿಗೆ. ವರ್ಷದಲ್ಲಿ ಮುಕ್ಕಾಲು ಪಾಲು ಒಣಗಿರೋದು, ಅದಕ್ಕೇ ಎಲ್ರಿಗೂ ಸದರ. ಮಣ್ಣು ಬಿತ್ತು, ಸೈಟಾಯ್ತು, ಮನೆ ಎದ್ದೋಯ್ತು. ಆದ್ರೆ ನೀರಿಗೆ ಬೇರೆ ದಾರಿ ತೋರ್ಸಿದ್ಯಾರು?

ಈ ಕಾಶಮ್ಮ ಬಂದ ಹೊಸದ್ರಲ್ಲಿ ಕೆಳಗಿನ ಮನೇಲಿದ್ರು. ಸೊಸೆ ಸೃಷ್ಟಿ ಆಫೀಸಿಗೆ ಹೋದ್ರೆ ಇವ್ರೂ ಆ ಕೂಸೂ ಇಬ್ರೇ. ಒಂದಿನ ನೋಡ್ತಾರೆ, ಜೋಳದ ಹಿಟ್ಟಿನ ಡಬ್ಬ ಮೆಟ್ಟಿಲ ಮೇಲಿದೆ..."

"ಜ್ವಾಳದ ಹಿಟ್ಟಲ್ರೀ, ನವಣಕ್ಕಿ" ಎಂದಳು ಕಾಶಮ್ಮ.

"ಆಯ್ತಮ್ಮ, ನವಣಕ್ಕಿ. ಡಬ್ಬ ಒದ್ದೆ, ಕೆಸರು ವಾಸನೆ. ಇವ್ರು ಕೆಳಗೆ ತಂದಿಟ್ರು. ಇನ್ನೊಂದಿನ ಹಾಸಿಗೆ ಮೇಲೆ ಹೋಗಿದೆ. ಮತ್ತೊಂದಿನ ರೊಟ್ಟಿ ಹಂಚು. ಇವ್ರು ಬಿಡ್ತಾರಾ, ಒಂದೊಂದನ್ನೂ ಬೈಕೊಂಡು ಬೈಕೊಂಡು ವಾಪಸ್ ಇಳಿಸೋದು. ಕೊನೆಗೆ ನಮ್ಮ ಮನೆಯೋಳ ಜೊತೆ ಜಗಳಕ್ಕೆ ನಿಂತ್ರು, ನಮ್ಮ ಸಾಮಾನು ಯಾಕ ಮುಟ್ತೀರಿ ಅಂತ. ನಮ್ಮ ರಾಮಲಕ್ಷ್ಮಮ್ಮ ಕಮ್ಮಿನಾ? 'ನಮ್ಮನೆ ಪಾತ್ರೆ ಎತ್ತೋಕೇ ಸೊಂಟ ಬಗ್ಗಲ್ಲ, ನಿಮ್ಮನೆ ಹಂಚು ಹೊತ್ಕೊಂಡು ಮೆಟ್ಟಿಲು ಹತ್ತೋಕೆ ನಂಗೇನ್ ಹುಚ್ಚಾ' ಅಂದ್ಲು. ಅವತ್ತಿಂದ ಕಾಶಮ್ಮ ಒಳಗಿಂದ ಚಿಲಕ ಹಾಕ್ಕೊಂಡೇ ಇರೋರು.

ಆಮೇಲೊಂದು ಮಧ್ಯಾಹ್ನ... ಇಲ್ಲಿ ಬಿಸಿಲು. ಮಳೆ ಹುಯ್ದಿದ್ದು ಮೇಲ್ಗಡೆ ಕೆರೆ ಹತ್ರ, ನಮಗೇನು ಗೊತ್ತು? ಕೂಸಿಗೆ ಎಣ್ಣೆ ಹಚ್ಚಿ ಎರ್ದು, ಸಾಂಬ್ರಾಣಿ ಹಾಕಿ, ಸೀರೆ ಜೋಲೀಲಿ ಮಲಗ್ಸಿ, ಇವ್ರು ಬಚ್ಚಲು ತೊಳ್ಯೋಕೆ ಹೋದ್ರು. ಬಂದು ನೋಡಿದ್ರೆ ಜೋಲಿ ತೂಗ್ತಾ ಇದೆ, ತೊಟ್ಟಿಕ್ತಾ ಇದೆ, ಒಳಗೆ ಕೂಸಿಲ್ಲ. ಬಾಗಿಲ ಚಿಲಕ ಹಾಕಿದ್ದು ಹಾಕಿದ ಹಂಗೇ ಇದೆ. ಕೂಸು ಅಳ್ತಾ ಇರೋದು ಎಲ್ಲಿ? ತಾರಸಿ ಹತ್ರ.

ಚಿಲಕ ತೆಗ್ದು ಓಡಿದ್ರಪ್ಪ. ಕೊನೇ ಮೆಟ್ಟಿಲ ಮೇಲೆ ಕೂಸು, ಮೇಲೊಂದು ಒರಟು ಹಳೇ ಸೀರೆ ಹೊದ್ಸಿದೆ. ಬಾಚಿ ಎತ್ಕೊಂಡು, ಇವತ್ತು ಆ ಕಳ್ಳಿ ಕೈ ಮುರೀತೀನಿ ಅಂತ ಕೆಳಗೆ ತಿರುಗಿದ್ರು. ಕಾಲೇ ಮುಂದಕ್ಕೆ ಹೋಗ್ಲಿಲ್ಲ. ಹಿಂದಿಂದ ಯಾರೋ ಸೆರಗು ಹಿಡ್ಕೊಂಡಿದಾರೆ. 'ಬಿಡ ನನ್ನ' ಅಂತ ಜಗ್ಗಿದ್ರು. ಬಿಡ್ಲಿಲ್ಲ. ಅಷ್ಟರಲ್ಲಿ ಕೆಳಗೆ ಗೇಟು ಕಿತ್ಕೊಂಡ ಸದ್ದು... ಹಳ್ಳ ಬಂದಿತ್ತು. ಬಿಸಿಲಲ್ಲಿ, ಒಂದು ಹನಿ ಮಳೆ ಇಲ್ದೆ. ಇವ್ರ ಮನೆ ಬಾಗಿಲಲ್ಲಿ ನುಗ್ಗಿ ಕಿಟಕೀಲಿ ಹೊರಡ್ತಾ ಇತ್ತು. ಆ ಜೋಲಿ ತೇಲ್ಕೊಂಡು ಹೋಗೋದನ್ನ ಕಾಶಮ್ಮ ಮೇಲಿಂದ ನೋಡಿದ್ರು. ಆಗ ಸೆರಗು ಸಡಿಲ ಆಯ್ತು. ಕಿವಿ ಹಿಂದೆ ಒಂದು ಹೆಣ್ಣು ದನಿ, 'ಇದೂ ನಂದಲ್ಲ' ಅಂತು."

"ಹೌದ್ರೀ" ಎಂದಳು ಕಾಶಮ್ಮ ಮೆಲ್ಲಗೆ. "ಭಾಳ ದಣದಿತ್ತು ಆ ದನಿ. ನನಗ ಅಂಜಿಕಿ ಬರಲಿಲ್ಲ. ಕುಂದರವಾ, ಒಂದೀಟು ಚಾ ಕುಡಿ ಅನ್ನಬೇಕಂತ ತಿರುಗಿದೆ. ಯಾರೂ ಇರಲಿಲ್ಲ."

"ಯಾರು ಅಪ್ಪಾ ಅದು?" ಹಬೀಬನ ದನಿ ಇಳಿದಿತ್ತು.

"ದೊಡ್ಡಮುನಿಯಮ್ಮ. ಕೆರೆ ತೂಬು ತೆಗ್ದು ಗದ್ದೆಗೆ ನೀರು ಬಿಡೋ ನೀರುಗಂಟಿ ಹೆಂಡ್ತಿ. ಕೋಡಿ ಬಿದ್ರೆ ಗಂಡ ಕೆರೆ ಏರಿ ಕಾಯ್ಬೇಕು, ಹೆಂಡ್ತಿ ಹಳ್ಳದ ಗುಂಟ ಓಡಿ ತಗ್ಗಿನೋರ್ನ ಎಬ್ಬಿಸ್ಬೇಕು, ಅವ್ರ ಮಡಕೆ ಕುಡಿಕೆ ಮಕ್ಳುಮರಿ ದಿಬ್ಬಕ್ಕೆ ಹೊರ್ಬೇಕು. ಅದು ಆ ಮನೆ ಪದ್ಧತಿ. ಒಂದು ವರ್ಷ ರಾತ್ರೋರಾತ್ರಿ ಕೋಡಿ ಬಿದ್ದು, ಊರೋರ ಮಕ್ಳನ್ನೆಲ್ಲ ದಿಬ್ಬಕ್ಕೆ ಹೊತ್ತು ಹಾಕಿದ್ಲು. ತನ್ನ ಗುಡಿಸಲಿಗೆ ಬರೋ ಹೊತ್ಗೆ ಗುಡಿಸಲೇ ಇಲ್ಲ. ಜೋಲೀಲಿದ್ದ ಎಳೇ ಮಗು ಹುಡುಕ್ತಾ ನೀರಿಗಿಳಿದೋಳು, ಮತ್ತೆ ಏಳ್ಲಿಲ್ಲ. ಮಗು ಬದುಕಿತ್ತು ಕಣ್ರಯ್ಯಾ. ಜೋಲಿ ಹುಣಸೆ ಕೊಂಬೆಗೆ ಸಿಕ್ಕಾಕ್ಕೊಂಡಿತ್ತು. ಅದರ ಸೋದರತ್ತೆ ತಗೊಂಡೋಗಿ ಸಾಕಿದ್ಲು, ಹೊಸ ಹೆಸರಿಟ್ಲು, ಮುನಿನಾರಾಯಣ ಅಂತ.

ನಾನೇ ಆ ಮಗು. ಎಪ್ಪತ್ತು ದಾಟ್ತು, ತಲೆ ನೆರೀತು. ಅವಳು ಎಳೇ ಕೂಸು ಹುಡುಕ್ತಾಳೆ, ಈ ಮುದಿ ಮುಖ ನೋಡಿ ಹೆಂಗೆ ಗುರುತು ಹಿಡೀತಾಳೆ? ಹಂಗಂತ್ಲೇ ಇಷ್ಟು ವರ್ಷ ಅನ್ಕೊಂಡಿದ್ದೆ...

ಮೊನ್ನೆ ಊಟ ಮಾಡಿ ಕೆಳಗೆ ಕಾರು ನಿಲ್ಸೋ ಜಾಗದಲ್ಲಿ ಮಂಚ ಹಾಕ್ಕೊಂಡು ಒರಗಿದೆ. ಕಣ್ಣು ಬಿಟ್ರೆ ತಾರಸೀಲಿದ್ದೀನಿ. ಮೈಯೆಲ್ಲ ಕೆಸರು ವಾಸನೆ. ಬೆನ್ನ ಹಿಂದೆ ಯಾರೋ ಒಂದು ಹೆಸರು ಹಿಡ್ದು ಕರೆದ್ರು. ಅತ್ತೆ ಇಟ್ಟ ಹೆಸರಲ್ಲ, ಬುದ್ಧಿ ಬಂದಾಗಿಂದ ಯಾರ ಬಾಯಲ್ಲೂ ನಾನು ಕೇಳದ ಹೆಸರು. ಸತ್ತೋರು ಕರೆದ್ರೆ ಓ ಅನ್ಬಾರ್ದು ಅಂತ ಚಿಕ್ಕೋರಿದ್ದಾಗಲೇ ಕಲಿಸ್ತಾರೆ... ನಾನು ಓ ಅಂದ್ಬಿಟ್ಟೆ.

ಈಗ್ಲೂ ಕರೀತಾ ಇದ್ದಾಳೆ. ನಿಮಗೆ ಬರೀ ಮಳೆ ಸದ್ದು ಕೇಳ್ತಿರ್ಬೇಕು."