ಜ್ಞಾನಮ್ಮನವರು ಕೇಳಿಸಿಕೊಂಡ ಪ್ರಾರ್ಥನೆ

ಅಧ್ಯಕ್ಷತೆ ವಹಿಸಿರುವ ಪಾದ್ರಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಜ್ಞಾನಮ್ಮನವರೇ, ವೇದಿಕೆಯ ಮೇಲಿರುವ ಹಿರಿಯರೇ, ಆಂಡರ್ಸನ್‌ಪೇಟೆಯಿಂದ, ಬಂಗಾರಪೇಟೆಯಿಂದ ಕೆಲಸ ಬಿಟ್ಟು ಬಂದಿರುವ ಸಭಿಕರೇ, ಮುಂದಿನ ಸಾಲಿನಲ್ಲಿ ಊಟದ ಪರಿಮಳಕ್ಕೆ ಮೂಗರಳಿಸಿಕೊಂಡು ಕುಳಿತಿರುವ ಮಕ್ಕಳೇ,

‘ಅನಾಥ ಮಕ್ಕಳ ಸೇವೆಯಲ್ಲಿ ಪ್ರಾರ್ಥನೆಯ ಮಹತ್ವ’ ಎಂಬ ವಿಷಯಕ್ಕೆ ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಮ್ಮ ಎಮ್ಮೆಗೆ ಹಾಲು ಇಳಿಸುವ ಮನಸ್ಸು ಬರುವುದಕ್ಕೇ ಅಷ್ಟು ಹೊತ್ತು ಬೇಕು! ನಾನು ಕೋದಂಡಪ್ಪ. ಬಂಗಾರಪೇಟೆ ಪಕ್ಕದ ಹಳ್ಳಿಯವನು. ಊರಿಗಾಂನ ಈ ಮಕ್ಕಳ ಮನೆಗೆ ಇಪ್ಪತ್ತು ವರ್ಷಗಳಿಂದ ಹಾಲು ಹಾಕುತ್ತಿದ್ದೇನೆ. ಮಕ್ಕಳಿಗೆಲ್ಲ ನಾನು ಹಾಲಣ್ಣ. ಚರ್ಚಿಗೆ ಹೋಗುವವನಲ್ಲ, ನಮ್ಮ ಮನೆದೇವರು ವೆಂಕಟರಮಣ. ಹಾಗಿದ್ದರೆ ಪ್ರಾರ್ಥನೆಯ ಬಗ್ಗೆ ಮಾತಾಡಲು ನಾನೇ ಏಕೆ? ಜ್ಞಾನಮ್ಮನವರೇ ನನ್ನ ಹೆಸರು ಸೂಚಿಸಿದರಂತೆ. ಏಕೆಂದು ನಮ್ಮಿಬ್ಬರಿಗೂ ಗೊತ್ತು.

ಈ ಮನೆಯಲ್ಲೊಂದು ಪದ್ಧತಿ ಇದೆ. ಸಂಜೆಯ ಪ್ರಾರ್ಥನೆಯಲ್ಲಿ ಪ್ರತಿ ಮಗುವೂ ತನ್ನ ಮಾತಿನಲ್ಲೇ, ಎಲ್ಲರಿಗೂ ಕೇಳುವಂತೆ, ದೇವರ ಹತ್ತಿರ ಮಾತಾಡಬೇಕು. ದೊಡ್ಡವರು ಹಿಂದಿನ ಸಾಲಿನಲ್ಲಿ ಕಣ್ಣುಮುಚ್ಚಿ ಕೂರಬೇಕು. ಅಲ್ಲಿ ಮಗು ಏನೇ ಹೇಳಲಿ, ಆಮೇಲೆ ಅದನ್ನು ಕೆದಕಿ ಕೇಳುವಂತಿಲ್ಲ, ಬೈಯುವಂತಿಲ್ಲ, ಯಾರ ಮುಂದೆಯೂ ಆಡುವಂತಿಲ್ಲ.

ಇಪ್ಪತ್ತು ವರ್ಷಗಳ ಹಿಂದೆ ನಾನು ಐದು ವರ್ಷದ ಹೆಣ್ಣುಮಗುವನ್ನು ಮೊಪೆಡ್ಡಿನಲ್ಲಿ ಇಲ್ಲಿಗೆ ಕರೆತಂದೆ. ಅವಳೇ ನಮ್ಮ ಲಿಖಿತ, ನಾಳೆಯಿಂದ ಜ್ಞಾನಮ್ಮನವರ ಜಾಗದಲ್ಲಿ ಈ ಮನೆ ನಡೆಸುವವಳು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಿಕ್ಕಿದ ಮಗು ಎಂದು ನೀವೆಲ್ಲ ಕೇಳಿದ್ದೀರಿ. ಸ್ವಲ್ಪ ಮೊದಲು ನಿರೂಪಕರೂ ಅದನ್ನೇ ಹೇಳಿದರು. ಸ್ವಾಮಿ, ಆ ಕಥೆ ಕಟ್ಟಿದವನು ನಾನು. ಅದು ಶುದ್ಧ ಸುಳ್ಳು.

ಲಿಖಿತ ನನ್ನ ಸ್ವಂತ ಅಕ್ಕ ಮುತ್ಯಾಲಮ್ಮನ ಮಗಳು. ಭಾವ ಮೊದಲೇ ತೀರಿಹೋಗಿದ್ದ, ಆಮೇಲೆ ಅಕ್ಕನೂ ಹೋದಳು. ನನ್ನ ಮನೆಯಲ್ಲಿ ಆಗಲೇ ಮೂರು ಮಕ್ಕಳು, ದಿನಾ ಜಗಳ. ತಪ್ಪನ್ನೆಲ್ಲ ಹೆಂಡತಿಯ ಮೇಲೆ ಹೊರಿಸಿಬಿಡಬಹುದು. ಆದರೆ ಗಾಡಿ ಓಡಿಸಿದವನು ನಾನು, ಸುಳ್ಳಾಡಿದ ಬಾಯಿ ನನ್ನದು. ಬಂಧುಗಳಿದ್ದರೆ ಸೇರಿಸಿಕೊಳ್ಳುವುದಿಲ್ಲ ಎಂದು ಯಾರೋ ಹೇಳಿದ್ದರು. ‘ಇವಳಿಗೆ ಯಾರೂ ಇಲ್ಲಮ್ಮ’ ಎಂದೆ. ಮಗು ನನ್ನ ಅಂಗಿಯ ಚುಂಗು ಹಿಡಿದು ಪಕ್ಕದಲ್ಲೇ ನಿಂತಿತ್ತು. ನನ್ನ ಮುಖ ನೋಡಿತು, ಅಂಗಿ ಬಿಟ್ಟಿತು.

ಒಂದು ವಾರಕ್ಕೆ ಜ್ಞಾನಮ್ಮನವರು, ಅವತ್ತು ನಾನು ಹೇಳಿದ್ದ ಊರಿನ ಹೆಸರು ಹಿಡಿದು, ಬಸ್ಸು ಹತ್ತಿ ನಮ್ಮ ಹಳ್ಳಿಗೇ ಬಂದರು. ಕುಂಟೆಮ್ಮೆ ಇರುವ ಮನೆ ಯಾವುದು ಎಂದು ಕೇಳಿಕೊಂಡು ಬಂದರು! ನನಗೆ ಜೀವವೇ ಬಾಯಿಗೆ ಬಂತು. ಅವರು ಹೇಳಿದ್ದಿಷ್ಟೆ: ‘ಮಕ್ಕಳಿಗೆ ಹಾಲು ಬೇಕು ಅಯ್ಯಾ. ನೀವೇ ತರಬೇಕು, ದಿನಾ ಬರಬೇಕು.’

ನಮ್ಮ ಎಮ್ಮೆ ಕುಂಟುವುದು ಇವರಿಗೆ ಹೇಗೆ ಗೊತ್ತು? ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಒಂದು ಸಂಜೆ, ಬೆಳಿಗ್ಗೆ ಮರೆತುಹೋದ ಕ್ಯಾನು ತೆಗೆದುಕೊಳ್ಳಲು ಬಂದಾಗ ಪ್ರಾರ್ಥನೆ ನಡೆಯುತ್ತಿತ್ತು. ಕಿಟಕಿಯ ಹೊರಗೆ ನಿಂತೆ. ಲಿಖಿತಳ ಸರದಿ ಬಂತು.

‘ಯೇಸಪ್ಪಾ, ನಮ್ ಮಾಮನ ಎಮ್ಮೆ ಕಾಲು ಬ್ಯಾಗ ವಾಸಿ ಮಾಡು. ಅತ್ತೆಗೆ ಕ್ವಾಪ ಕಮ್ಮಿ ಮಾಡು. ಮಾಮ ಸುಳ್ಳೇಳ್ದ, ಅವ್ನಿಗೇನೂ ಮಾಡ್ಬ್ಯಾಡಪ್ಪಾ. ನಾನು ಯಾರ್ಗೂ ಏಳಿಲ್ಲ.’

ಅಯ್ಯೋ ದೇವರೇ! ಆ ಹುಡುಗಿ ನನಗೋಸ್ಕರ ಬೇಡಿಕೊಳ್ಳುತ್ತಿದ್ದಳು. ಹಿಂದಿನ ಸಾಲಿನಲ್ಲಿ ಜ್ಞಾನಮ್ಮನವರು ಕಣ್ಣುಮುಚ್ಚಿ ಕೂತಿದ್ದರು. ಮೊದಲ ದಿನದಿಂದ ಅವರಿಗೆ ಎಲ್ಲವೂ ಗೊತ್ತಿತ್ತು. ಪದ್ಧತಿ ಮುರಿದು ಕೇಳಲಿಲ್ಲ, ನನ್ನನ್ನು ಜೈಲಿಗೆ ಕಳಿಸಲಿಲ್ಲ. ಮಗು ದಿನಾ ಒಂದು ಸಲ ತನ್ನ ಮಾಮನ ಮುಖ ನೋಡಲಿ ಎಂದು ನನ್ನ ಕೈಗೆ ಕ್ಯಾನು ಕೊಟ್ಟರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತಲ್ಲವೇ? ಬಿಡಲಿಲ್ಲ. ಎಲ್ಲರ ಜೊತೆ ಅವಳೂ ಹಾಲಣ್ಣ ಎಂದು ಕರೆದಾಗ ಸಂಕಟವಾಗುತ್ತಿತ್ತು, ಆದರೂ ಇಪ್ಪತ್ತು ವರ್ಷ ಹೇಡಿಯಂತೆ ಹಾಲು ಅಳೆದುಕೊಟ್ಟು ಹೋದೆ.

ಪ್ರಾರ್ಥನೆಯ ಮಹತ್ವ ಏನು ಎಂದು ಕೇಳಿದ್ದೀರಿ. ಮೇಲಿರುವವನು ಕೇಳಿಸಿಕೊಂಡನೇ? ಪಾದ್ರಿಗಳು ಹೌದೆನ್ನುತ್ತಾರೆ, ನಾನೂ ನಂಬುತ್ತೇನೆ. ಆದರೆ ಜ್ಞಾನಮ್ಮನವರು ಕೇಳಿಸಿಕೊಂಡಿದ್ದು ಮಾತ್ರ ನಾನು ಕಣ್ಣಾರೆ ಕಂಡ ಸತ್ಯ. ಮಗು ದೇವರಿಗೆ ಹೇಳಿದ್ದನ್ನು ಕೇಳಿ, ಬಾಯಿ ಕಟ್ಟಿಕೊಂಡು, ಕೈಲಾದದ್ದನ್ನು ಮಾಡಿದರು. ತಾಯಿ, ನಿಮ್ಮ ಋಣ ನಾನು ತೀರಿಸಲಾರೆ.

ಇನ್ನೊಂದೇ ಮಾತು. ಈಗ ಲಿಖಿತ ಪ್ರಮಾಣ ಮಾಡುವಾಗ ಅವಳ ಕಡೆಯವರೊಬ್ಬರು ಪಕ್ಕದಲ್ಲಿ ನಿಲ್ಲಬೇಕಂತೆ. ಕಾರ್ಯಕ್ರಮದ ಪಟ್ಟಿಯಲ್ಲಿ ಆ ಜಾಗ ಖಾಲಿ ಇದೆ. ಲಿಖಿತಾ, ತಪ್ಪಾಯ್ತು ಕಣಮ್ಮ. ನಿಂಗೆ ಯಾರೂ ಇಲ್ಲ ಅಂದವ್ನು ನಾನೇ. ನಿನ್ ಪಕ್ಕ ನಿಂತ್ಕಳಾಕೆ ನಂಗೆ ಮುಖ ಇಲ್ಲ. ಬ್ಯಾಡ ಅಂದ್ರೆ ಇಂಗೇ ಇಳ್ದು ಓಯ್ತೀನಿ, ಬೇಜಾರಿಲ್ಲ. ನಿಂತ್ಕಳ್ಲಾ?

ಏನಂದೆ? ಚಪ್ಪಾಳೆ ನಿಲ್ಲಿಸಿ ಸ್ವಾಮಿ, ಅವಳ ಮಾತು ಕೇಳಿಸುತ್ತಿಲ್ಲ.

‘ಬಾ ಮಾಮ’ ಅಂದಳು.

ಬಂದೆ ಕಣವ್ವಾ, ಬಂದೆ. ಐದು ನಿಮಿಷ ಮೀರಿದ್ದಕ್ಕೆ ಕ್ಷಮೆಯಿರಲಿ, ಕೇಳಿಸಿಕೊಂಡ ನಿಮಗೆಲ್ಲ ಕೈಮುಗಿಯುತ್ತೇನೆ. ನಮಸ್ಕಾರ.